ನಾಳಿನ ತಾಯಿತಂದೆಯರು ಮತ್ತು ಮಕ್ಕಳ ಧರ್ಮಸಂಸ್ಕಾರ

ನಮ್ಮ ವಿದ್ಯಾಲಯದಲ್ಲಿ ಅಕ್ಷರ ಕಲಿತು ಹೊರಗೆ ಹೋದವರಲ್ಲಿ ಅನೇಕರು ಇಂದು ಗೃಹಸ್ಥಜೀವನದ ಹೊಸ್ತಿಲಲ್ಲಿ ನಿಂತಿದ್ದಾರೆ. ವಿವಾಹದ ಆಮಂತ್ರಣವನ್ನು ಕೊಡಲೆಂದು ಶ್ರೀಮಠಕ್ಕೆ ಬಂದಾಗ ಹಳೆಯ ಗುರುಗಳೊಡನೆ ಅವರು ಆಡುವ ಮಾತುಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ: ನಮಗೆ ಮಕ್ಕಳಾದ ಮೇಲೆ ಅವರಿಗೆ ಧರ್ಮವನ್ನು ಕಲಿಸುವುದೆಂತು? ಮಗು ದೊಡ್ಡದಾಗಿ ತಾನೇ ಆರಿಸಿಕೊಳ್ಳಲಿ, ನಾವು ಏನನ್ನೂ ಹೇಳಕೂಡದು ಎಂಬುದು ಕೆಲವರ ನಿಲುವು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಕೇಳುವವರು ಮತ್ತೆ ಕೆಲವರು. ಈ ಎರಡು ನಿಲುವುಗಳನ್ನೂ ಸ್ವಲ್ಪ ಸಾವಧಾನದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲನೆಯ ನಿಲುವಿಗೆ ಭಾಷೆಯೇ ಉತ್ತರ ಕೊಡುತ್ತದೆ. ಮಗು ಬೆಳೆದು ತನಗೆ ಬೇಕಾದ ಭಾಷೆಯನ್ನು ಆರಿಸಿಕೊಳ್ಳಲೆಂದು ಯಾವ ತಾಯಿಯೂ ತೊಟ್ಟಿಲ ಬಳಿ ಮೂಕಳಾಗಿ ಕುಳಿತಿರುವುದಿಲ್ಲ. ಕೇಳದೆಯೇ ಅವಳು ತನ್ನ ನುಡಿಯನ್ನು ಕೊಡುತ್ತಾಳೆ. ಆ ಒಂದು ನುಡಿಯ ಬಲದಿಂದಲೇ ಮಗು ಮುಂದೆ ಹತ್ತು ನುಡಿಗಳನ್ನು ಕಲಿಯಬಲ್ಲುದು, ಒಂದರೊಡನೆ ಇನ್ನೊಂದನ್ನು ತೂಗಿ ನೋಡಬಲ್ಲುದು. ಧರ್ಮದ ವಿಷಯವೂ ಬಹುಮಟ್ಟಿಗೆ ಹೀಗೆಯೇ. ಏನನ್ನೂ ಕೊಡದೆ ಬೆಳೆಸಿದ ಮಗುವಿಗೆ ಆಯ್ಕೆಯ ಸ್ವಾತಂತ್ರ್ಯ ದೊರೆಯಿತೆಂದು ಹೇಳಲಾಗದು. ಆರಿಸುವುದಕ್ಕೆ ಬೇಕಾದ ಅಳತೆಗೋಲೇ ಅದಕ್ಕೆ ದೊರೆಯಲಿಲ್ಲ.

ಎರಡನೆಯ ನಿಲುವಿಗೆ ಉತ್ತರ ಕನ್ನಡ ವ್ಯಾಕರಣದಲ್ಲಿದೆ. ಉಣಿಸು, ನಡೆಸು, ಬೆಳೆಸು, ಕಲಿಸು ಎಂಬ ಕ್ರಿಯಾಪದಗಳನ್ನು ಗಮನಿಸಿರಿ. ಇವುಗಳ ಕೊನೆಯಲ್ಲಿರುವ 'ಇಸು' ಪ್ರೇರಣಾರ್ಥಕ ಪ್ರತ್ಯಯ. ಉಣ್ಣುವುದು, ನಡೆಯುವುದು, ಬೆಳೆಯುವುದು, ಕಲಿಯುವುದು ಮಗುವಿನ ಕೆಲಸ. ತಾಯಿತಂದೆಯರು ಪ್ರೇರಕರು ಮಾತ್ರ. ತಾಯಿ ತುತ್ತನ್ನು ಬಾಯಿಗಿಡಬಲ್ಲಳು, ಅರಗಿಸಿಕೊಳ್ಳುವವಳು ಅವಳಲ್ಲ. ಇನ್ನು 'ನಂಬು' ಎಂಬ ಧಾತುವಿಗೆ ಅದೇ ಪ್ರತ್ಯಯವನ್ನು ಹಚ್ಚಿ ನೋಡಿರಿ. 'ನಂಬಿಸು' ಎಂದೊಡನೆ ನಮ್ಮ ಬಳಕೆಯ ಮಾತಿನಲ್ಲಿ ಮೋಸದ ವಾಸನೆ ಸುಳಿಯುತ್ತದೆ. ನಂಬಿಸಿ ಕತ್ತು ಕೊಯ್ದನೆಂಬ ಮಾತನ್ನು ಕೇಳದವರಾರು? ಕಲಿಕೆಯನ್ನು ಪ್ರೇರಿಸಬಹುದು, ಆದರೆ ನಂಬಿಕೆಯನ್ನು ಇನ್ನೊಬ್ಬರೊಳಗೆ ಹುಟ್ಟಿಸಲಾಗದು ಎಂಬ ವಿವೇಕ ನುಡಿಯೊಳಗೇ ಅಡಗಿದೆ. ಭಾವೀ ತಾಯಿತಂದೆಯರು ಮೊದಲು ಮನಗಾಣಬೇಕಾದುದು ಇಷ್ಟೇ.

ನಮ್ಮ ಪರಂಪರೆಯ ಸಂಸ್ಕಾರಗಳ ಕ್ರಮವೂ ಈ ವಿವೇಕಕ್ಕೆ ಹೊರತಾಗಿಲ್ಲ. ಅನೇಕ ಮನೆತನಗಳಲ್ಲಿ ಗರ್ಭದ ಎಂಟನೆಯ ತಿಂಗಳಲ್ಲಿಯೇ ಶಿಶುವಿನ ಹೆಸರಿನಲ್ಲಿ ಲಿಂಗಸಂಸ್ಕಾರ ನಡೆಯುತ್ತದೆ. ಹುಟ್ಟಿದ ಬಳಿಕ ಲಿಂಗಧಾರಣೆಯಾಗುತ್ತದೆ. ಮುಂದೆ ತಿಳಿವಳಿಕೆ ಬಂದ ವಯಸ್ಸಿನಲ್ಲಿ ದೀಕ್ಷೆ. ಅಲ್ಲಿ ಗುರುವು ಇಷ್ಟಲಿಂಗವನ್ನು ಅಂಗೈಗಿತ್ತು ಮಂತ್ರವನ್ನು ಕಿವಿಯಲ್ಲಿ ಉಪದೇಶಿಸುತ್ತಾನೆ. ಮೊದಲನೆಯದು ತಾಯಿತಂದೆಯರ ಸಂಕಲ್ಪ. ಎರಡನೆಯದು ಮಗುವಿನ ಸ್ವೀಕಾರ. ಈ ಎರಡರ ನಡುವಣ ವರ್ಷಗಳಲ್ಲಿ ತಾಯಿತಂದೆಯರು ಆ ಸಂಸ್ಕಾರವನ್ನು ಕಾಪಿಡುವವರೇ ಹೊರತು ಅದರ ಒಡೆಯರಲ್ಲ. ದೀಕ್ಷೆಯಲ್ಲಿ ಗಂಡುಮಗು ಹೆಣ್ಣುಮಗು ಎಂಬ ಭೇದವಿಲ್ಲವೆಂಬುದನ್ನೂ ನೆನಪಿಡಬೇಕು. ಮಗನನ್ನು ಪೂಜೆಗೆ ಕೂರಿಸಿ ಮಗಳನ್ನು ಪೂಜೆಯ ಪಾತ್ರೆ ತೊಳೆಯಲು ಕಳುಹಿಸುವ ಮನೆ ತನ್ನ ಧರ್ಮವನ್ನೇ ತಪ್ಪಾಗಿ ಕಲಿಸುತ್ತಿದೆ.

ಐದಾರು ವರ್ಷಗಳವರೆಗೆ ಮಗು ಕಲಿಯುವುದು ಬಹುಪಾಲು ಕಣ್ಣಿನಿಂದ. ಆ ವಯಸ್ಸಿನಲ್ಲಿ ಉಪದೇಶ ಬೇಕಿಲ್ಲ. ಮುಂಜಾನೆ ಮಿಂದು, ವಿಭೂತಿ ಧರಿಸಿ, ತಂದೆಯಾಗಲಿ ತಾಯಿಯಾಗಲಿ ಹತ್ತು ನಿಮಿಷ ಶಾಂತವಾಗಿ ಲಿಂಗಪೂಜೆಗೆ ಕುಳಿತರೆ ಮಗು ತಾನಾಗಿಯೇ ಪಕ್ಕದಲ್ಲಿ ಬಂದು ಕುಳಿತೀತು. ಎಡ ಅಂಗೈಯಲ್ಲಿ ಲಿಂಗ, ಮಗ್ಗುಲಲ್ಲಿ ಆಗಾಗ ಮಿನುಗುವ ಮೊಬೈಲ್ ಫೋನು. ದೃಷ್ಟಿ ಎತ್ತ ಹೊರಳುವುದೆಂಬುದನ್ನು ಮಗು ಚೆನ್ನಾಗಿ ಬಲ್ಲುದು. ದೇವರ ಹೆಸರಿನಿಂದ ಮಗುವನ್ನು ಹೆದರಿಸುವುದು ಇನ್ನೊಂದು ದೊಡ್ಡ ದೋಷ. ಊಟ ಮಾಡದಿದ್ದರೆ ದೇವರು ಕಣ್ಣು ಕೀಳುತ್ತಾನೆಂದು ಗದರಿಸಿದರೆ ಅಂದಿನ ಊಟವೇನೋ ಮುಗಿದೀತು. ಆದರೆ ಶಿವನನ್ನು ಗುಮ್ಮನ ಸಾಲಿಗೆ ಇಳಿಸಿದಂತಾಯಿತು. ಗುಮ್ಮನ ಭಯ ಹೋಗುವ ವಯಸ್ಸಿನಲ್ಲಿ ಅಂತಹ ದೇವರೂ ಹೋಗುತ್ತಾನೆ.

ಆರರಿಂದ ಹನ್ನೆರಡರ ವಯಸ್ಸು ಕೈಯ ಮೂಲಕ ಕಲಿಯುವ ಕಾಲ. ಕಾಯಕ, ದಾಸೋಹಗಳ ಪಾಠಕ್ಕೆ ಇದೇ ತಕ್ಕ ಸಮಯ. ನುಲಿಯ ಚಂದಯ್ಯನವರು ಹಗ್ಗ ಹೊಸೆದರು, ಮೋಳಿಗೆಯ ಮಾರಯ್ಯನವರು ಕಟ್ಟಿಗೆ ಹೊತ್ತರು, ಅಂಬಿಗರ ಚೌಡಯ್ಯನವರು ದೋಣಿ ನಡೆಸಿದರು ಎಂಬ ಕಥೆಗಳನ್ನು ಹೇಳಿದರಷ್ಟೇ ಸಾಲದು. ತನ್ನ ಹಾಸಿಗೆಯನ್ನು ತಾನೇ ಸುತ್ತಿಡುವುದು, ಉಂಡ ತಟ್ಟೆಯನ್ನು ತಾನೇ ತೊಳೆಯುವುದು, ಅಂಗಳ ಗುಡಿಸುವುದು ಮಗನಿಗೂ ಮಗಳಿಗೂ ಸಮನಾಗಿರಲಿ. ಮನೆಗೆ ಬಂದವರಿಗೆ ಮಗುವಿನ ಕೈಯಿಂದಲೇ ಬಡಿಸಿರಿ. ಈ ಶಾಲೆಯ ಪ್ರಸಾದನಿಲಯದ ಪಂಕ್ತಿಯಲ್ಲಿ ಬಡಿಸಿ ಬೆಳೆದವರಿಗೆ ಇದರ ಫಲವನ್ನು ನಾನು ವಿವರಿಸಬೇಕಾಗಿಲ್ಲ. ವಚನಗಳ ವಿಷಯದಲ್ಲಿಯೂ ಒಂದು ಮಾತು. ಐವತ್ತನ್ನು ಕಂಠಪಾಠ ಮಾಡಿಸುವುದಕ್ಕಿಂತ ಐದನ್ನು ಅರ್ಥ ಬಿಡಿಸಿ ಹೇಳುವುದು ಮೇಲು.

ಈಗ ಕಠಿನವಾದ ಮಾತಿಗೆ ಬರುತ್ತೇನೆ. ಎಲ್ಲರನ್ನೂ ನಮ್ಮವರೆಂದೇ ಕಾಣಬೇಕೆಂಬ ಆಶಯದ ಬಸವಣ್ಣನವರ ವಚನವನ್ನು ವೇದಿಕೆಯ ಮೇಲೆ ಹೇಳಿ ಮಗು ಬಹುಮಾನ ತರುತ್ತದೆ, ತಾಯಿತಂದೆಯರು ಹಿಗ್ಗುತ್ತಾರೆ. ಅದೇ ಮಗು ಮರುದಿನ ಸಹಪಾಠಿಯೊಬ್ಬನನ್ನು ಮನೆಗೆ ಕರೆತಂದಾಗ, ಆತ ಹೋದ ಮೇಲೆ, ಆ ಹುಡುಗ ಯಾವ ಜನ ಎಂದು ಮೆಲ್ಲನೆ ಕೇಳುವವರಿದ್ದಾರೆ. ಆ ಒಂದು ಪ್ರಶ್ನೆ ಸಾಕು. ವಚನ ವೇದಿಕೆಗೆ, ಜಾತಿ ಮನೆಗೆ ಎಂಬ ಪಾಠವನ್ನು ಮಗು ಜೀವಮಾನದುದ್ದಕ್ಕೂ ಮರೆಯದಂತೆ ಕಲಿತುಬಿಡುತ್ತದೆ. 12ನೆಯ ಶತಮಾನದಲ್ಲಿ ಹರಳಯ್ಯ, ಮಧುವರಸರು ತಮ್ಮ ಮಕ್ಕಳ ವಿವಾಹ ನೆರವೇರಿಸಿ ಅದಕ್ಕಾಗಿ ಪ್ರಾಣವನ್ನೇ ತೆತ್ತರೆಂದು ಪರಂಪರೆ ಹೇಳುತ್ತದೆ. ಅವರ ಹೆಸರಿನ ಮುಂದೆ ಕೈಮುಗಿಯುವ ನಾವು, ಮಕ್ಕಳ ಕಿವಿಗೆ ಬೀಳುವಂತೆ ಆಡುವ ಮಾತನ್ನಾದರೂ ತೂಗಿ ಆಡಬೇಡವೇ?

ಹದಿನಾಲ್ಕು, ಹದಿನೈದರಲ್ಲಿ ಪ್ರಶ್ನೆಗಳು ಏಳುತ್ತವೆ. ಲಿಂಗಪೂಜೆ ಏತಕ್ಕೆ? ಪೂಜೆ ಮಾಡದವರೂ ಸಜ್ಜನರಾಗಿಲ್ಲವೇ? ಇವನ್ನು ಉದ್ಧಟತನವೆಂದು ತಿಳಿಯಬಾರದು. 15ನೆಯ ಶತಮಾನದಲ್ಲಿ ರೂಪುಗೊಂಡ ಶೂನ್ಯಸಂಪಾದನೆಯನ್ನು ತೆರೆದು ನೋಡಿದರೆ ಅದರ ಮೈಯೆಲ್ಲ ಸಂವಾದವೇ. ಅನುಭವಮಂಟಪಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಪ್ರಶ್ನೆಗಳಿಂದಲೇ ಎದುರುಗೊಂಡರು. ಆಕೆ ಅಳುಕದೆ ಉತ್ತರಿಸಿದರು. ಆ ಉತ್ತರಗಳಿಗಾಗಿಯೇ ಶರಣರು ಆಕೆಯನ್ನು ಗೌರವಿಸಿದರು. ಇಂತಹ ಗ್ರಂಥವನ್ನು ತಲೆಯ ಮೇಲೆ ಹೊತ್ತ ಸಮಾಜದ ತಂದೆ, ಮಗಳ ಪ್ರಶ್ನೆಗೆ ಸಿಡುಕಿ ಎದ್ದುಹೋಗುವುದು ಶೋಭಿಸದು. ಉತ್ತರ ತಿಳಿಯದಿದ್ದರೆ, ಇಬ್ಬರೂ ಕೂಡಿ ಓದೋಣ ಎಂದರೆ ಸಾಕು.

ಬೆಳೆದ ಮಗ ಒಂದು ದಿನ, ನಾನು ಪೂಜೆಗೆ ಕೂರಲಾರೆ ಎಂದನೆನ್ನಿ. ಆಗ ಏನು ಮಾಡಬೇಕು? ನಮ್ಮ ಸಂವಿಧಾನದ 28ನೆಯ ವಿಧಿಯಂತೆ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯು ವಿದ್ಯಾರ್ಥಿಯನ್ನು, ಆತ ಅಪ್ರಾಪ್ತವಯಸ್ಕನಾಗಿದ್ದರೆ ಪೋಷಕರ ಸಮ್ಮತಿಯಿಲ್ಲದೆ, ಧಾರ್ಮಿಕ ಬೋಧನೆಗೆ ಒತ್ತಾಯಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ಶಾಲೆಗೆ ಸಲ್ಲದ ಒತ್ತಾಯ ಪೂಜೆಯ ಕೋಣೆಗೆ ಸಲ್ಲುವುದೆಂತು? ಮಗನೊಡನೆ ಮಾತು ನಿಲ್ಲಿಸಬೇಡಿರಿ. ಪಂಕ್ತಿಯಿಂದ ಅವನನ್ನು ಹೊರಗಿಡಬೇಡಿರಿ. ನಿಮ್ಮ ಪೂಜೆಯನ್ನು ನೀವು ಎಂದಿನಂತೆ ನಡೆಸಿರಿ. ಅವನ ಲಿಂಗವನ್ನು ಜೋಪಾನವಾಗಿಡಿರಿ. ಕೇಳಿದ ದಿನ ಕೊಡಿರಿ. ಅವನು ಕೇಳದೆಯೇ ಹೋಗಬಹುದು. ಆದರೂ ಅವನು ಸತ್ಯವಂತನಾಗಿ, ದುಡಿದುಣ್ಣುವವನಾಗಿ, ಹಂಚಿಕೊಳ್ಳುವವನಾಗಿ ಬಾಳಿದರೆ ನಿಮ್ಮ ಸಂಸ್ಕಾರ ವ್ಯರ್ಥವಾಯಿತೆಂದು ಎಣಿಸಬಾರದು.

ಬೇರೆ ಬೇರೆ ಮತಾಚಾರಗಳ ಮನೆಗಳಿಂದ ಬಂದು ದಂಪತಿಗಳಾದವರು ಇಂದು ನಮ್ಮಲ್ಲಿಯೂ ಇದ್ದಾರೆ. ಅಂತಹವರು ಮಗುವಿನ ನಾಮಕರಣ, ಆಹಾರ, ದೀಕ್ಷೆ, ಹಬ್ಬಗಳ ವಿಷಯವನ್ನು ಮಗು ಹುಟ್ಟುವ ಮೊದಲೇ ತಮ್ಮಲ್ಲಿ ಮಾತನಾಡಿಕೊಂಡು, ಎರಡೂ ಕಡೆಯ ಹಿರಿಯರಿಗೆ ಒಮ್ಮತದಿಂದ ತಿಳಿಸುವುದು ಲೇಸು. ತೊಟ್ಟಿಲ ಸುತ್ತ ನಿಂತು ವಾದಿಸಿದರೆ ಮಗುವಿಗೆ ಎರಡು ಧರ್ಮಗಳೂ ದಕ್ಕುವುದಿಲ್ಲ, ಜಗಳವೊಂದೇ ದಕ್ಕುತ್ತದೆ. ಒಂದು ಮನೆಯ ಆಚಾರವನ್ನು ಹೊಗಳಲು ಇನ್ನೊಂದನ್ನು ಹಳಿಯುವ ಮಾತು ಮಗುವಿನೆದುರು ಎಂದಿಗೂ ಬರಕೂಡದು.

ಶಿಕ್ಷಕ ಬಂಧುಗಳಲ್ಲಿಯೂ ದಾನಿ ಮಹಾಶಯರಲ್ಲಿಯೂ ಒಂದು ವಿಜ್ಞಾಪನೆ. ಪ್ರಾರ್ಥನೆ, ವಚನಗಾಯನ, ಪ್ರಸಾದ ಇವುಗಳಿಂದ ಶಾಲೆ ಮನೆಗೆ ನೆರವಾಗಬಲ್ಲುದೇ ಹೊರತು ಮನೆಯ ಸ್ಥಾನವನ್ನು ತುಂಬಲಾರದು. ಆದುದರಿಂದ ವರ್ಷಕ್ಕೊಮ್ಮೆ ಬಹುಮಾನ ವಿತರಣೆಗೆ ಮಾತ್ರ ಪೋಷಕರನ್ನು ಕರೆಯದೆ, ಇಂತಹ ವಿಚಾರಗಳನ್ನು ಕುಳಿತು ಚರ್ಚಿಸುವುದಕ್ಕೂ ಕರೆಯುವ ಪದ್ಧತಿ ಬೆಳೆಯಲಿ. ನವದಂಪತಿಗಳೂ ಆ ಗೋಷ್ಠಿಯಲ್ಲಿ ಸೇರಲಿ. ಮಗುವಿಗೆ ಏನನ್ನು ಕಲಿಸಬೇಕೆಂದು ಯೋಚಿಸುವವರು, ಅದನ್ನು ತಮ್ಮ ನಡೆಯಲ್ಲಿ ರೂಢಿಸಿಕೊಳ್ಳಲು ಮಗು ಹುಟ್ಟುವ ಮೊದಲಿನ ದಿನಗಳನ್ನೇ ಬಳಸಿಕೊಂಡರೆ ಮುಂದೆ ಹೇಳಬೇಕಾದ ಮಾತು ಬಹಳ ಉಳಿಯುವುದಿಲ್ಲ.