ಖನಿಜ ಕಣ್ಣಲಂಕಾರ: ಆಯ್ಕೆ, ಬಳಕೆ ಮತ್ತು ವರ್ತಕರ ಹೊಣೆ

ಡಬ್ಬಿಯ ಮೇಲೆ ‘ಖನಿಜ’ ಎಂಬ ಪದವನ್ನು ಕಂಡೊಡನೆ ಗ್ರಾಹಕರು ಸರಕು ನಿರಪಾಯಕಾರಿಯೆಂದು ಭಾವಿಸುವುದು ಸಹಜ. ಆದರೆ ಸಾಂಪ್ರದಾಯಿಕ ಸುರ್ಮಾದಲ್ಲಿ ಬಳಕೆಯಾಗುತ್ತಿದ್ದ ಗೆಲೀನಾ ಸಹ ಖನಿಜವೇ. ಅದು ಸೀಸದ ಸಲ್ಫೈಡ್. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ. ಆದುದರಿಂದ ಮಾರುವವರೂ ಕೊಳ್ಳುವವರೂ ಹೆಸರಿಗಿಂತ ಘಟಕಗಳ ಪಟ್ಟಿಯನ್ನು ಗಮನಿಸುವುದು ಲೇಸು.

ಖನಿಜ ಐಶ್ಯಾಡೋಗಳಲ್ಲಿ ಸಾಮಾನ್ಯವಾಗಿ ಹೊಳಪಿಗೆ ಅಭ್ರಕ, ಬಿಳುಪಿಗೆ ಟೈಟಾನಿಯಂ ಡೈಆಕ್ಸೈಡ್, ಕೆಂಪು, ಹಳದಿ, ಕಪ್ಪು ಛಾಯೆಗಳಿಗೆ ಕಬ್ಬಿಣದ ಆಕ್ಸೈಡ್‌ಗಳಿರುತ್ತವೆ. ಬಣ್ಣಕ್ಕಾಗಿ ಸೀಸ ಅಥವಾ ಆರ್ಸೆನಿಕ್ ಸಂಯುಕ್ತಗಳನ್ನು ಬಳಸುವುದು ಭಾರತದಲ್ಲಿ ನಿಷಿದ್ಧ. ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಅವಧಿ ಇಲ್ಲದ ಸರಕನ್ನು ಅಗ್ಗವೆಂದು ದಾಸ್ತಾನು ಮಾಡಿದ ವರ್ತಕನಿಗೆ ಇಂದಿನ ಲಾಭಕ್ಕಿಂತ ನಾಳಿನ ದಂಡವೇ ಹಿರಿದಾದೀತು. ತೆರಿಗೆಯಲ್ಲಿಯೂ ಎಚ್ಚರ ಅಗತ್ಯ. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಯಾದಾಗ ಡಬ್ಬಿಯ ಕಾಡಿಗೆಗೆ ವಿನಾಯಿತಿ ದೊರೆಯಿತು. ಕಾಡಿಗೆ ಪೆನ್ಸಿಲ್‌ಗೆ ಶೇ. 18ರ ದರ ಅನ್ವಯಿಸಿತು. ಎರಡನ್ನೂ ಒಂದೇ ಸಾಲಿನಲ್ಲಿ ಬಿಲ್ಲು ಮಾಡಲಾಗದು.

ಬಳಸುವ ಕ್ರಮವನ್ನು ಗ್ರಾಹಕರಿಗೆ ತಿಳಿಸುವುದೂ ವರ್ತಕ ಧರ್ಮವೇ. ಪುಡಿಯನ್ನು ಮುಚ್ಚಳಕ್ಕೆ ತುಸುವೇ ಸುರಿದು, ಕುಂಚಕ್ಕೆ ಹತ್ತಿಸಿ, ಹೆಚ್ಚಾದುದನ್ನು ಉದುರಿಸಿ, ಮುಚ್ಚಿದ ರೆಪ್ಪೆಯ ಮೇಲೆ ಮೆಲ್ಲನೆ ಒತ್ತಿ ಲೇಪಿಸಬೇಕು. ಉಜ್ಜಿದರೆ ಕಣಗಳು ಕಣ್ಣಿಗೆ ಬೀಳುವ ಸಂಭವವುಂಟು. ಗಾಢ ಬಣ್ಣ ಬೇಕಿದ್ದರೆ ಕುಂಚವನ್ನು ತುಸು ತೇವಗೊಳಿಸಬಹುದು. ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು ಮೊದಲು ಲೆನ್ಸ್ ಹಾಕಿಕೊಂಡು ಅನಂತರ ಅಲಂಕರಿಸಿಕೊಳ್ಳತಕ್ಕದ್ದು. ಮಳಿಗೆಗಳಲ್ಲಿ ಒಂದೇ ಕುಂಚವನ್ನು ಹಲವರ ಕಣ್ಣಿಗೆ ತಾಗಿಸಿದರೆ ಸೋಂಕು ಹರಡಬಹುದಾದ್ದರಿಂದ, ಛಾಯೆಯನ್ನು ಮುಂಗೈಯ ಮೇಲೆ ತೋರಿಸುವುದೇ ಸೂಕ್ತ.