ಮರಳಿ ಹೋಗಲೊಲ್ಲದ ಮಗು

ಒಬ್ಬಳೇ ತಾಯಿಯ ಮಕ್ಕಳು ಒಂದರ ಹಿಂದೊಂದು ತೀರಿಕೊಂಡರೆ ಅವು ಬೇರೆ ಬೇರೆ ಮಕ್ಕಳಲ್ಲ, ಸತ್ತು ಮತ್ತೆ ಅದೇ ಬಸಿರಿಗೆ ಬರುವ ಒಂದೇ ಜೀವ ಎಂಬುದು ನೈಜೀರಿಯಾದ ಯೊರುಬಾ ಜನರ ನಂಬಿಕೆ. ಆ ಜೀವಕ್ಕೆ ‘ಅಬಿಕು’ ಎನ್ನುತ್ತಾರೆ. ಬೇಗ ಮರಳುತ್ತೇನೆಂದು ಆತ್ಮಗಳ ಲೋಕದ ಗೆಳೆಯರಿಗೆ ಮಾತು ಕೊಟ್ಟೇ ಅದು ಹುಟ್ಟಿರುತ್ತದೆ. ಮತ್ತೆ ಬಂದಾಗ ಗುರುತು ಸಿಗಲೆಂದು ಕೂಸಿನ ಮೈಮೇಲೆ ಗಾಯ ಮಾಡುತ್ತಿದ್ದರು. ಇನ್ನು ಹೋಗಬೇಡವೆಂದು ಬೇಡಿಕೊಳ್ಳುವಂತೆ ‘ಮಲೋಮೊ’ ಎಂದು ಹೆಸರಿಡುತ್ತಿದ್ದರು. ಹುಟ್ಟಿದ್ದು ಉಳಿಯದಿದ್ದಾಗ ಮುಂದಿನ ಕೂಸನ್ನು ತಿಪ್ಪೆಯಲ್ಲಿ ಉರುಳಿಸಿ ತಿಪ್ಪಣ್ಣ ಎಂದು ಕರೆದ ನಮ್ಮ ಹಳ್ಳಿಗಳ ತಾಯಂದಿರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ.

ನೈಜೀರಿಯಾದ ಲೇಖಕರಾದ ವೋಲೆ ಸೋಯಿಂಕಾ, ಜೆ.ಪಿ. ಕ್ಲಾರ್ಕ್ ಇಬ್ಬರೂ ‘ಅಬಿಕು’ ಹೆಸರಿನಲ್ಲೇ ಕವಿತೆ ಬರೆದಿದ್ದಾರೆ. ಅಬಿಕುವಿನ ಬಾಯಲ್ಲೇ ಇಡೀ ಕಾದಂಬರಿ ಹೇಳಿಸಿದವರು ಬೆನ್ ಓಕ್ರಿ. 1991ರಲ್ಲಿ ಬುಕರ್ ಪ್ರಶಸ್ತಿ ಪಡೆದ ‘ದಿ ಫ್ಯಾಮಿಶ್ಡ್ ರೋಡ್’ನ ಅಜಾರೊ ಈ ಸಲ ಗೆಳೆಯರಿಗೆ ಕೊಟ್ಟ ಮಾತಿಗೆ ತಪ್ಪುತ್ತಾನೆ, ತನ್ನನ್ನು ಹೆರುವ ಹೆಂಗಸಿನ ನೊಂದ ಮುಖದಲ್ಲಿ ನಗು ಕಾಣಬೇಕೆಂದು ಇಲ್ಲೇ ಉಳಿಯುತ್ತಾನೆ. ಅಪ್ಪ ಮೂಟೆ ಹೊರುವ ಕೂಲಿ. ಅಮ್ಮ ಬೀದಿ ಬೀದಿ ಅಲೆದು ಸಣ್ಣಪುಟ್ಟ ಸಾಮಾನು ಮಾರುವವಳು.

ಇದಕ್ಕೆ ‘ಮಾಂತ್ರಿಕ ವಾಸ್ತವವಾದ’ ಎಂಬ ಹಣೆಪಟ್ಟಿ ಹಚ್ಚಿ ಸುಮ್ಮನಾಗುವುದು ನನಗೆ ಒಪ್ಪಿಗೆಯಿಲ್ಲ. ಅಜಾರೊನ ಮನೆಯವರಿಗೆ ಪ್ರೇತಗಳು ಬೆರಗಲ್ಲ, ಬಾಡಿಗೆ ವಸೂಲಿಗೆ ಬರುವ ಮನೆ ಮಾಲೀಕನಷ್ಟೇ ನಿಜ. ಮೈ ನಡುಗಿಸುವ ಘಟನೆಯೊಂದರಲ್ಲಂತೂ ಮಾಯೆಯ ಸೋಂಕೇ ಇಲ್ಲ. ಚುನಾವಣೆ ಹತ್ತಿರ ಬಂದಾಗ ಶ್ರೀಮಂತರ ಪಕ್ಷ ಕೇರಿಯಲ್ಲಿ ಹಾಲಿನ ಪುಡಿ ಹಂಚುತ್ತದೆ. ಜನ ಮುಗಿಬಿದ್ದು ಒಯ್ಯುತ್ತಾರೆ, ಕುಡಿದವರೆಲ್ಲ ವಾಂತಿ ಮಾಡಿಕೊಂಡು ನರಳುತ್ತಾರೆ. ಊರಿನ ಫೋಟೊಗ್ರಾಫರ್ ಅದನ್ನೆಲ್ಲ ಸೆರೆಹಿಡಿದು ಗಾಜಿನ ಪೆಟ್ಟಿಗೆಯಲ್ಲಿ ತೂಗುಹಾಕುತ್ತಾನೆ. ಗೂಂಡಾಗಳು ಅವನ ಬೆನ್ನು ಹತ್ತುತ್ತಾರೆ. ಪ್ರೇತಗಳನ್ನು ಕಾಣುವ ಹುಡುಗನ ಕಣ್ಣಿಗೆ ಈ ಮೋಸವೂ ಅಷ್ಟೇ ನಿಚ್ಚಳವಾಗಿ ಬೀಳುತ್ತದೆ. ಇಲ್ಲಿ ನಂಬಿಕೆ ರಾಜಕೀಯವನ್ನು ಮರೆಮಾಚುವುದಿಲ್ಲ, ಬಯಲಿಗೆಳೆಯುತ್ತದೆ.

ಅಬಿಕು ಎನಿಸಿಕೊಂಡ ಮಕ್ಕಳ ಸಾವುಗಳಿಗೆ ಸಿಕಲ್ ಸೆಲ್ ರಕ್ತಹೀನತೆ ಕಾರಣವಿರಬಹುದೆಂದು ವೈದ್ಯರು ವಿವರಿಸಿದ್ದಾರೆ. ಓಕ್ರಿ ಹೋಗುವುದು ಬೇರೆ ದಾರಿಯಲ್ಲಿ. ಕಾದಂಬರಿ ಮುಗಿಯುವ ಹೊತ್ತಿಗೆ, ಸ್ವಾತಂತ್ರ್ಯದ ಹೊಸ್ತಿಲಲ್ಲಿರುವ ದೇಶವೇ ಅಬಿಕುವಾಗಿ ಕಾಣುತ್ತದೆ: ಹುಟ್ಟುವುದು, ಉಸಿರು ಬಿಡುವುದು, ಮತ್ತೆ ಹುಟ್ಟುವುದು. ನೈಜೀರಿಯಾ ಸ್ವತಂತ್ರವಾದದ್ದು 1960ರಲ್ಲಿ. 1966ರಲ್ಲಿ ಸೇನಾ ದಂಗೆ, 1967ರಿಂದ 1970ರವರೆಗೆ ಬಿಯಾಫ್ರಾ ಅಂತರ್ಯುದ್ಧ. ಆ ಯುದ್ಧವನ್ನು ಬಾಲಕನಾಗಿ ಕಂಡಿದ್ದ ಓಕ್ರಿ, ದೇಶದ ಕಥೆಯನ್ನು ಉಳಿಯಲು ತಾನೇ ಮನಸ್ಸು ಮಾಡಿದ ಹುಡುಗನಿಂದ ಹೇಳಿಸಿದರು.