ಮೂಲಗೇಣಿ, ಚಾಲಗೇಣಿ ಮತ್ತು ಬಾಡಿಗೆಯ ಮನೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆಯಲ್ಲಿ ಒಬ್ಬರಾದರೂ ಮುಂಬಯಿಗೋ ಬೆಂಗಳೂರಿಗೋ ಹೋಗದಿರುವ ಕುಟುಂಬ ಅಪರೂಪ. ಹೊರಟವರಿಗೆ ನಾವು ಕುಚ್ಚಲಕ್ಕಿ, ಉಪ್ಪಿನಕಾಯಿ ಕಟ್ಟಿಕೊಡುತ್ತೇವೆ; ಅಲ್ಲಿ ಮನೆ ಹಿಡಿಯುವ ಬಗೆಯನ್ನು ಮಾತ್ರ ಹೇಳಿಕೊಡುವುದಿಲ್ಲ.

ನನ್ನ ದೊಡ್ಡಪ್ಪ ಮೂಡುಬಿದಿರೆಯಿಂದ ಮುಂಬಯಿಗೆ ಹೋದವರು. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಅಲ್ಲಿಯ ಮೇಜುಗಳನ್ನೇ ಜೋಡಿಸಿ ಮಲಗುತ್ತಿದ್ದರಂತೆ. ಚಾಳಿನ ಖೋಲಿಗೆ ಬಾಡಿಗೆ ಅಲ್ಪ, ಆದರೆ ಪಗಡಿ ಅಪಾರ. ಇದೇಕೆ ಹೀಗೆ? 1947ರ ಮುಂಬಯಿ ಬಾಡಿಗೆ ಶಾಸನವು ಹಳೆಯ ಕಟ್ಟಡಗಳ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ಮಟ್ಟಕ್ಕೆ ಕಟ್ಟಿಹಾಕಿತು. ಒಕ್ಕಲನ್ನು ಸುಲಭವಾಗಿ ಎಬ್ಬಿಸುವಂತೆಯೂ ಇರಲಿಲ್ಲ. ಆದುದರಿಂದ ಖೋಲಿಯ ನಿಜವಾದ ಬೆಲೆ ಬಾಡಿಗೆಯನ್ನು ಬಿಟ್ಟು, ಒಳಹೊಗುವಾಗ ಗುಟ್ಟಾಗಿ ಕೊಡುವ ಇಡುಗಂಟಿಗೆ ಸೇರಿಕೊಂಡಿತು. 2000ದ ಮಾರ್ಚ್ 31ರಂದು ಜಾರಿಗೆ ಬಂದ ಮಹಾರಾಷ್ಟ್ರದ ಹೊಸ ಕಾಯಿದೆ ಈ ಪಗಡಿಗೆ ಕಾನೂನಿನ ಒಪ್ಪಿಗೆ ನೀಡಿತು.

ನಮ್ಮ ಜಿಲ್ಲೆಯವರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. 1974ರ ಭೂಸುಧಾರಣೆಗೆ ಮುನ್ನ ಇಲ್ಲಿ ಎರಡು ಬಗೆಯ ಗೇಣಿಗಳಿದ್ದವು. ಮೂಲಗೇಣಿಯದು ಶಾಶ್ವತ ಹಕ್ಕು, ನಿಗದಿಯಾದ ಗೇಣಿ. ಚಾಲಗೇಣಿಯದು ವರ್ಷದ ಮಾತು. ಗೇಣಿ ಏರಬಹುದು, ಒಕ್ಕಲು ಏಳಬೇಕಾಗಬಹುದು. ಪಗಡಿಯ ಖೋಲಿ ಮೂಲಗೇಣಿಗೆ ಹತ್ತಿರವಾದರೆ, ಬೆಂಗಳೂರಿನ ಬಾಡಿಗೆಯ ಮನೆ ಚಾಲಗೇಣಿಗೆ ಹತ್ತಿರ.

ಬೆಂಗಳೂರಿನ ಕರಾರು ಸಾಮಾನ್ಯವಾಗಿ 11 ತಿಂಗಳಿನದು. 1908ರ ನೋಂದಣಿ ಕಾಯಿದೆಯ ಪ್ರಕಾರ ಒಂದು ವರ್ಷ ಮೀರಿದ ಗೇಣಿಪತ್ರವನ್ನು ನೋಂದಾಯಿಸಲೇಬೇಕು. 11 ತಿಂಗಳೆಂದು ಬರೆದರೆ ಆ ಖರ್ಚು ತಪ್ಪುತ್ತದೆ. ಜೊತೆಗೆ, ಹತ್ತು ತಿಂಗಳ ಬಾಡಿಗೆಯಷ್ಟು ಮುಂಗಡ ಕೇಳುವ ರೂಢಿ ಅಲ್ಲಿ ಬಹಳ ಕಾಲದಿಂದ ಬೆಳೆದುಬಂದಿದೆ.

ಮಗಳಿಗೆ ಅಲ್ಲಿ ಕೆಲಸವಾದಾಗ, ಒಳ್ಳೆಯ ಧಾರಣೆ ಬರಲೆಂದು ಅಟ್ಟದಲ್ಲಿ ಕಾಪಿಟ್ಟಿದ್ದ ಅಡಕೆಯನ್ನು ನಾನು ಅವಸರದಲ್ಲಿ ಮಾರಿ ಮುಂಗಡ ಕಟ್ಟಿದೆ. ಮನೆ ಬಿಡುವಾಗ ಬಣ್ಣಕ್ಕೆಂದೂ ದುರಸ್ತಿಗೆಂದೂ ಎರಡು ತಿಂಗಳ ಬಾಡಿಗೆಯಷ್ಟನ್ನು ಮುರಿದುಕೊಂಡರು. ಕರಾರನ್ನು ತೆಗೆದು ನೋಡಿದರೆ, ಬಣ್ಣದ ಖರ್ಚು ಬಾಡಿಗೆದಾರರದೆಂದಷ್ಟೇ ಇತ್ತು, ಎಷ್ಟೆಂಬುದು ಇರಲಿಲ್ಲ. ಓದದೆ ಸಹಿ ಹಾಕಿದ ತಪ್ಪು ನಮ್ಮದೂ ಹೌದು. ಆ ವರ್ಷ ತೋಟಕ್ಕೆ ಗೊಬ್ಬರ ಹಾಕಲು ಸಾಲ ಮಾಡಬೇಕಾಯಿತು.

2021ರಲ್ಲಿ ಕೇಂದ್ರ ಸರಕಾರ ರೂಪಿಸಿದ ಮಾದರಿ ಕಾಯಿದೆಯಲ್ಲಿ ವಾಸದ ಮನೆಯ ಮುಂಗಡಕ್ಕೆ ಎರಡು ತಿಂಗಳ ಬಾಡಿಗೆಯ ಮಿತಿಯನ್ನು ಹೇಳಿದೆ. ಆದರೆ ಅದು ಮಾದರಿ ಮಾತ್ರ. ರಾಜ್ಯಗಳು ಅದನ್ನು ತಮ್ಮ ಶಾಸನವಾಗಿಸಿಕೊಂಡಲ್ಲಿ ಮಾತ್ರ ಬಲ ಬರುತ್ತದೆ. ಅಲ್ಲಿಯವರೆಗೆ ನಮ್ಮ ಎಚ್ಚರವೇ ನಮಗೆ ರಕ್ಷೆ. ಮುಂಗಡವನ್ನು ಬ್ಯಾಂಕಿನ ಮೂಲಕವೇ ಕೊಡಬೇಕು. ಎಷ್ಟು ಮುರಿಯಬಹುದು, ಎಷ್ಟು ದಿನಗಳೊಳಗೆ ಹಿಂದಿರುಗಿಸಬೇಕು ಎಂಬುದು ಕರಾರಿನಲ್ಲಿ ಅಂಕಿಗಳಲ್ಲಿ ಇರಬೇಕು. ಹೊಕ್ಕ ದಿನವೇ ಗೋಡೆ, ನಲ್ಲಿ, ಬಾಗಿಲುಗಳ ಚಿತ್ರ ತೆಗೆದಿಟ್ಟುಕೊಳ್ಳಬೇಕು.

ದೊಡ್ಡಪ್ಪ ಕೊನೆಗೂ ಒಂದು ಖೋಲಿ ಹಿಡಿದರು. ಊರಿನಿಂದ ಹೊಸದಾಗಿ ಬಂದ ಹುಡುಗರು ಬೇರೆ ನೆಲೆ ಸಿಗುವವರೆಗೆ ಅಲ್ಲಿಯೇ ಚಾಪೆ ಹಾಸುತ್ತಿದ್ದರು. ಅವರಲ್ಲಿ ಯಾರಿಂದಲೂ ಅವರು ಮುಂಗಡ ಕೇಳಿದವರಲ್ಲ.